ಕನ್ನಂಬಾಡಿಯ ಲೆಕ್ಕ: ಮೈಸೂರು ಸಂಸ್ಥಾನದಲ್ಲಿ ಯೋಜನಾ ವರದಿಯ ಬೆಳವಣಿಗೆ

ಅಣೆಕಟ್ಟುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಲ್ಲು, ಗಾರೆ ಹಾಗೂ ಅವುಗಳನ್ನು ಕಟ್ಟಿಸಿದವರ ಹೆಸರುಗಳ ಮೂಲಕ ಬರೆಯುವುದು ವಾಡಿಕೆ. ಕಟ್ಟಡಕ್ಕೆ ಮುಂಚೆ ಹುಟ್ಟುವ ಕಾಗದದ ಚರಿತ್ರೆ ಅಷ್ಟಾಗಿ ಗಮನ ಸೆಳೆದಿಲ್ಲ. ಯಾವ ಸರ್ಕಾರದ ಬೊಕ್ಕಸವೂ ಅಗತ್ಯವನ್ನು ನಿವೇದಿಸಿಕೊಂಡ ಮಾತ್ರಕ್ಕೆ ತೆರೆಯುವುದಿಲ್ಲ. ಎಷ್ಟು ವೆಚ್ಚವಾಗುತ್ತದೆ, ಹುಟ್ಟುವಳಿ ಎಷ್ಟು, ಅದನ್ನು ಕೊಡುವವರು ಯಾರು, ಬಂಡವಾಳ ಎಷ್ಟು ವರ್ಷಗಳಲ್ಲಿ ಹಿಂತಿರುಗುತ್ತದೆ ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಹೇಳಬೇಕಾಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಈ ಉತ್ತರದ ಕ್ರಮವು ಖಚಿತ ರೂಪ ಪಡೆದದ್ದು 1899ರಿಂದ 1911ರವರೆಗಿನ ಹನ್ನೆರಡು ವರ್ಷಗಳಲ್ಲಿ. ಶಿವನಸಮುದ್ರದ ವಿದ್ಯುತ್ ಯೋಜನೆ ಮತ್ತು ಕನ್ನಂಬಾಡಿಯ ಕಟ್ಟೆ ಅದರ ಎರಡು ಮುಖ್ಯ ಘಟ್ಟಗಳು.

ಹಿಂದಿನ ಕ್ರಮ

ಕನ್ನಡ ನಾಡಿನಲ್ಲಿ ನೀರಾವರಿಗೆ ಬಂಡವಾಳ ಹೂಡುವ ಪದ್ಧತಿ ಹೊಸದೇನಲ್ಲ. ಕೆರೆ ಕಟ್ಟಿಸಿದವರಿಗೂ ಅದನ್ನು ದುರಸ್ತಿಯಲ್ಲಿಟ್ಟವರಿಗೂ ಭೂಮಿಯನ್ನು ಬಿಟ್ಟುಕೊಡುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳ ಉಲ್ಲೇಖ ಶಾಸನಗಳಲ್ಲಿ ಹೇರಳವಾಗಿದೆ. ಅಲ್ಲಿ ವೆಚ್ಚಕ್ಕೆ ಪ್ರತಿಫಲವಾಗಿದ್ದುದು ಆ ಕೆರೆಯಿಂದಲೇ ನೀರುಣ್ಣುವ ನೆಲ. ಲೆಕ್ಕವು ಊರಿನೊಳಗೇ ಹುಟ್ಟಿ ಊರಿನೊಳಗೇ ಮುಗಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಆಡಳಿತವು ಬೇರೊಂದು ಅಳತೆಗೋಲನ್ನು ತಂದಿತು. ಸಾಲದ ಹಣದಿಂದ ಕೈಗೊಳ್ಳುವ ಕಾಮಗಾರಿಯು ಮುಗಿದ ಹತ್ತು ವರ್ಷಗಳೊಳಗಾಗಿ ತನ್ನ ಬಂಡವಾಳದ ಬಡ್ಡಿಯನ್ನು ತಾನೇ ದುಡಿಯುವಂತಿದ್ದರೆ ಅದು ‘ಉತ್ಪಾದಕ’ ಕಾಮಗಾರಿ. ಹಾಗೆ ದುಡಿಯದಿದ್ದರೂ ಕ್ಷಾಮವನ್ನು ತಡೆಯುವಂತಿದ್ದರೆ ಅದು ‘ರಕ್ಷಣಾತ್ಮಕ’ ಕಾಮಗಾರಿ. 1876–78ರ ಮಹಾಕ್ಷಾಮವು ಎರಡನೆಯ ವರ್ಗಕ್ಕೆ ನೈತಿಕ ಬಲವನ್ನು ತಂದುಕೊಟ್ಟಿತಾದರೂ, ಹಣ ಸುಲಭವಾಗಿ ಹರಿದದ್ದು ಮೊದಲನೆಯ ವರ್ಗದ ಕಡೆಗೇ. 1881ರಲ್ಲಿ ಒಡೆಯರ ಮನೆತನಕ್ಕೆ ಮರಳಿದ ಸಂಸ್ಥಾನದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿಯ ಹೊರೆಯನ್ನು ಗೊತ್ತುಪಡಿಸಲಾಗಿತ್ತು. ಇಂಥ ಸರ್ಕಾರದ ಮುಂದೆ ದೊಡ್ಡ ವೆಚ್ಚದ ಪ್ರಸ್ತಾವನೆಯನ್ನಿಡುವವರು ವರಮಾನದ ಮೂಲವನ್ನು ತೋರಿಸುವುದು ಅನಿವಾರ್ಯವಾಗಿತ್ತು.

ಶಿವನಸಮುದ್ರ: ಮೊದಲು ಗಿರಾಕಿ, ಆಮೇಲೆ ಬಂಡವಾಳ

ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆಯನ್ನು 1899ರಲ್ಲಿ ರೂಪಿಸಿದವನು ಸಂಸ್ಥಾನದ ಉಪಮುಖ್ಯ ಎಂಜಿನಿಯರನಾಗಿದ್ದ ಎ. ಜೆ. ಡಿ ಲಾಟ್‌ಬಿನಿಯರ್. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರು ಅದಕ್ಕೆ ಬೆಂಬಲವಾಗಿ ನಿಂತರು. ಯೋಜನೆಯ ತಾಂತ್ರಿಕ ಸಾಹಸ ಪ್ರಸಿದ್ಧವಾದುದೇ. ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಎಳೆದ ತಂತಿಯ ಉದ್ದ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು.

ಆದರೆ ಯೋಜನೆಯನ್ನು ಮಂಜೂರಾತಿಯವರೆಗೆ ತಂದದ್ದು ತಂತ್ರಜ್ಞಾನವೊಂದೇ ಅಲ್ಲ. ಗಣಿ ಕಂಪನಿಗಳು ಉಗಿಯಂತ್ರಗಳಿಗಾಗಿ ದೂರದಿಂದ ಕಲ್ಲಿದ್ದಲನ್ನು ತರಿಸಬೇಕಾಗಿತ್ತು. ಸುತ್ತಲಿನ ಸೌದೆಯೂ ತುಟ್ಟಿಯಾಗಿತ್ತು. ಅದಕ್ಕಿಂತ ಅಗ್ಗವಾಗಿ ಶಕ್ತಿಯನ್ನು ಒದಗಿಸಬಲ್ಲ ಸರ್ಕಾರಕ್ಕೆ ದೊಡ್ಡ ಗಿರಾಕಿ ಸಿದ್ಧವಾಗಿಯೇ ಇದ್ದಂತಾಯಿತು. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಡನೆ ದೀರ್ಘಾವಧಿಯ ಕರಾರು ಏರ್ಪಟ್ಟಿತು. 1902ರ ಜೂನ್ 30ರಂದು ಗಣಿಗಳಿಗೆ ವಿದ್ಯುತ್ ಹರಿಯಿತು. ಹಿಂದಿನ ವರ್ಷವೇ ತೀರಿಕೊಂಡಿದ್ದ ಶೇಷಾದ್ರಿ ಅಯ್ಯರ್ ಅದನ್ನು ಕಾಣಲಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರ ಆಗಸ್ಟಿನಲ್ಲಿ. ಗಣಿಗಳಿಗೆ ಮೊದಲು, ಊರಿಗೆ ಆನಂತರ ಎಂಬ ಈ ಅನುಕ್ರಮವೇ ಯೋಜನೆಯ ಆರ್ಥಿಕ ತರ್ಕವನ್ನು ತಿಳಿಸುತ್ತದೆ. ಬೀದಿದೀಪ ಬಂಡವಾಳವನ್ನು ಹಿಂತಿರುಗಿಸುವಂಥದಲ್ಲ. ಕರಾರಿಗೆ ರುಜು ಹಾಕಿದ ಗಿರಾಕಿ ಹಿಂತಿರುಗಿಸುತ್ತಾನೆ.

ಇದೇ ಕಾಲದ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ಇದರೊಡನೆ ಹೋಲಿಸಬಹುದು. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ, ಸುಮಾರು 30 ಟಿಎಂಸಿ ನೀರು ಹಿಡಿಯಬಲ್ಲ ಈ ಜಲಾಶಯವು ಬರಸೀಮೆಯ ನೀರಾವರಿಗಾಗಿಯೇ ಹುಟ್ಟಿತು. ಅದು ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಬಾರಿ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಜಲಾಶಯದ ಅಳತೆಯೂ ನದಿಯ ನಡತೆಯೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕನ್ನಂಬಾಡಿ: ಎರಡು ವರಮಾನಗಳ ಜೋಡಣೆ

1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರ ಮುಂದೆ ಎರಡು ಬೇಡಿಕೆಗಳಿದ್ದವು. ಗಣಿಗಳಿಗೆ ಹೆಚ್ಚು ಶಕ್ತಿ ಬೇಕಾಗಿತ್ತು. ಆದರೆ ಬೇಸಿಗೆಯಲ್ಲಿ ಕಾವೇರಿಯ ಹರಿವು ತೀರ ಇಳಿದುಹೋಗುತ್ತಿದ್ದುದರಿಂದ ಶಿವನಸಮುದ್ರದ ಉತ್ಪಾದನೆಗೆ ಭದ್ರತೆಯಿರಲಿಲ್ಲ. ಇನ್ನೊಂದೆಡೆ, ನದಿಯ ಮಗ್ಗುಲಲ್ಲೇ ಇದ್ದರೂ ಮಂಡ್ಯದ ಬಯಲು ಮಳೆಯನ್ನು ನಂಬಿಕೊಂಡು ರಾಗಿ ಬೆಳೆಯುತ್ತಿತ್ತು. ಎರಡಕ್ಕೂ ಪರಿಹಾರ ಒಂದೇ ಜಲಾಶಯ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟರೆ ವಿದ್ಯುತ್ತು ಸ್ಥಿರವಾಗುತ್ತದೆ, ಕಾಲುವೆಗೂ ನೀರು ಉಳಿಯುತ್ತದೆ.

ಈ ಯೋಜನೆಯ ಒಟ್ಟು ಅಂದಾಜು 2.53 ಕೋಟಿ ರೂಪಾಯಿ. ಸಂಸ್ಥಾನದ ಹಣಕಾಸು ಇಲಾಖೆ ಆಕ್ಷೇಪಿಸಿತು. ಅಷ್ಟೊಂದು ವಿದ್ಯುತ್ತಿಗೆ ಬೇಡಿಕೆಯಿಲ್ಲ, ಹೂಡಿದ ಹಣಕ್ಕೆ ತಕ್ಕ ಪ್ರತಿಫಲ ದೊರೆಯದು ಎಂಬುದು ಅದರ ವಾದದ ತಿರುಳು. ಈ ಆಕ್ಷೇಪವನ್ನು ಕೇವಲ ಅಡ್ಡಿಯೆಂದು ಪರಿಗಣಿಸುವುದು ನ್ಯಾಯವಲ್ಲ. ಬೊಕ್ಕಸವನ್ನು ಕಾಯುವವರು ಕೇಳಲೇಬೇಕಾದ ಪ್ರಶ್ನೆ ಅದು. ಆ ಪ್ರಶ್ನೆಯೇ ವರದಿಯನ್ನು ಬಿಗಿಗೊಳಿಸಿತು. ಕೆಲಸವನ್ನು ಹಂತಗಳಾಗಿ ವಿಂಗಡಿಸಲಾಯಿತು. ಮೊದಲ ಹಂತಕ್ಕೆ 81 ಲಕ್ಷ ರೂಪಾಯಿ. ಹೀಗೆ ಒಮ್ಮೆಗೇ ಪೂರ್ಣ ಮೊತ್ತವನ್ನು ಕೇಳದೆ, ಮೊದಲ ಹಂತವೇ ಗಣಿಗಳ ಪೂರೈಕೆಯನ್ನು ಭದ್ರಪಡಿಸಿ ವರಮಾನ ತರುವಂತೆ ಪ್ರಸ್ತಾವನೆ ರೂಪುಗೊಂಡಿತು. ದಿವಾನ್ ಟಿ. ಆನಂದರಾವ್ ಅವರ ಕಾಲದಲ್ಲಿ, 1911ರ ಅಕ್ಟೋಬರ್ 12ರಂದು, ನಾಲ್ವಡಿ ಕೃಷ್ಣರಾಜ ಒಡೆಯರು ಅನುಮತಿ ನೀಡಿದರು. ಮುಂದಿನ ತಿಂಗಳೇ ಕೆಲಸ ಆರಂಭವಾಯಿತು.

ಕನ್ನಂಬಾಡಿಯ ವರದಿಯ ಜಾಣ್ಮೆಯಿರುವುದು ವರಮಾನಗಳ ಈ ಜೋಡಣೆಯಲ್ಲಿ. ನೀರಾವರಿಯ ಕಂದಾಯ ನಿಧಾನವಾಗಿ ಬರುವಂಥದು. ಕಾಲುವೆ ತೋಡಬೇಕು, ಗದ್ದೆ ಮಟ್ಟ ಮಾಡಬೇಕು, ಹೊಲದ ರೈತ ಗದ್ದೆಯ ಬೇಸಾಯವನ್ನು ಕಲಿಯಬೇಕು. ವಿದ್ಯುತ್ತಿನ ಹಣವಾದರೋ ಕರಾರಿನ ಮೇರೆಗೆ ವರ್ಷ ವರ್ಷವೂ ಬರುವಂಥದು. ಬೇಗ ಬರುವ ವರಮಾನದ ಬೆನ್ನ ಮೇಲೆ ನಿಧಾನವಾದ ಹಿತವನ್ನು ಹೊರಿಸಿದುದರಿಂದಲೇ, ಬರಿಯ ನೀರಾವರಿಯ ಹೆಸರಿನಲ್ಲಿ ದೊರೆಯಲಾರದಿದ್ದ ಬಂಡವಾಳ ಮಂಡ್ಯದ ರೈತನ ಪಾಲಿಗೂ ದೊರೆಯಿತು. ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯಲಾಗುವ ಇರ್ವಿನ್ ನಾಲೆ ಆ ಬಯಲನ್ನು ಭತ್ತ ಮತ್ತು ಕಬ್ಬಿನ ಸೀಮೆಯಾಗಿ ಮಾರ್ಪಡಿಸಿದ್ದು ಎರಡು ದಶಕಗಳ ತರುವಾಯ.

ಲೆಕ್ಕದ ಹೊರಗೆ ಉಳಿದವರು

ಪ್ರತಿಯೊಂದು ಯೋಜನಾ ವರದಿಯೂ ಒಂದು ಗಡಿಯನ್ನು ಎಳೆದುಕೊಂಡು ಅದರೊಳಗಿನದನ್ನು ಮಾತ್ರ ಎಣಿಸುತ್ತದೆ. ಕನ್ನಂಬಾಡಿಯಲ್ಲಿ ಆ ಗಡಿಯಾಚೆ ಉಳಿದವರು ಮುಖ್ಯವಾಗಿ ಇಬ್ಬರು.

ಮೊದಲನೆಯದು ನದಿಯ ಕೆಳಭಾಗದ ಮದ್ರಾಸ್ ಪ್ರಾಂತ್ಯ. 1892ರ ಒಪ್ಪಂದದಂತೆ ಕಾವೇರಿಯ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟಲು ಅದರ ಸಮ್ಮತಿ ಬೇಕಾಗಿತ್ತು. ಮದ್ರಾಸ್ ವಿರೋಧಿಸಿತು, 11 ಟಿಎಂಸಿ ಹಿಡಿಯುವ 80 ಅಡಿ ಎತ್ತರದ ಕಟ್ಟೆಗೆ ಮಾತ್ರ ಅವಕಾಶ ದೊರೆಯಿತು. ಆದರೂ ಬುನಾದಿಯನ್ನು ಮುಂದಿನ ಪೂರ್ಣ ಎತ್ತರಕ್ಕೆ ಸಾಲುವಷ್ಟು ಅಗಲವಾಗಿಯೇ ಹಾಕಲಾಯಿತು. ಎಂಜಿನಿಯರನ ದೂರದೃಷ್ಟಿಯೆಂದು ಮೈಸೂರು ಕೊಂಡಾಡಿದ ಈ ಅಗಲವೇ ಮದ್ರಾಸಿನ ಕಣ್ಣಿಗೆ ಷರತ್ತನ್ನು ಮೀರುವ ಉದ್ದೇಶದ ಸಾಕ್ಷಿಯಾಯಿತು. ವಿವಾದವು ಮಧ್ಯಸ್ಥಿಕೆಗೆ ಹೋಯಿತು. ಎಚ್. ಡಿ. ಗ್ರಿಫಿನ್ ಅವರು 1914ರಲ್ಲಿ ನೀಡಿದ ತೀರ್ಪಿನ ಮೇಲೂ ಮೇಲ್ಮನವಿ ನಡೆದು, 1924ರ ಫೆಬ್ರವರಿಯ ಒಪ್ಪಂದದಲ್ಲಿ ಒಂದು ನಿಲುಗಡೆ ಸಿಕ್ಕಿತು. ಆ ಬಳಿಕವೇ ಕಟ್ಟೆಯನ್ನು ಪೂರ್ಣಗೊಳಿಸಲು ಸಾಧ್ಯವಾಯಿತು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇವೆಲ್ಲವೂ ಆ ಹಳೆಯ ಪ್ರಶ್ನೆಯ ಸರಣಿಯಲ್ಲೇ ಬರುತ್ತವೆ.

ಎರಡನೆಯವರು ಮುಳುಗಡೆಯ ಜನ. ಕನ್ನಂಬಾಡಿ ಊರೂ ನೆರೆಯ ಹಳ್ಳಿಗಳೂ ನೀರಿನಡಿ ಸೇರಿದವು. ಹಳೆಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿತು. ಕಳೆದುಕೊಂಡ ಜಮೀನು ಅಂದಾಜುಪಟ್ಟಿಯಲ್ಲಿ ಪರಿಹಾರದ ಬಾಬತ್ತಾಗಿ, ಅಂದರೆ ವೆಚ್ಚವಾಗಿ ದಾಖಲಾಗುತ್ತದೆ. ಊರು ಬಿಟ್ಟವನು ಮುಂದೆ ಏನಾದನೆಂಬುದಕ್ಕೆ ಅಂಥ ಪಟ್ಟಿಯಲ್ಲಿ ಕಾಲಂ ಇರುವುದಿಲ್ಲ. ವರಮಾನವನ್ನು ವರ್ಷ ವರ್ಷವೂ ಲೆಕ್ಕ ಹಾಕುವ ದಾಖಲೆಯು ನಷ್ಟವನ್ನು ಮಾತ್ರ ಒಮ್ಮೆ ಬರೆದು ಮುಗಿಸುತ್ತದೆ.

ಉಪಸಂಹಾರ

ಕೇಳುವವರೂ ಕೊಡುವವರೂ ಕಾಲಕ್ರಮದಲ್ಲಿ ಬದಲಾಗಿದ್ದಾರೆ. 2005ರ ಡಿಸೆಂಬರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನದಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳು ಕೇಂದ್ರದ ಅನುದಾನ ಪಡೆಯಲು ನಗರಾಭಿವೃದ್ಧಿ ಯೋಜನೆ ಹಾಗೂ ವಿವರವಾದ ಯೋಜನಾ ವರದಿಗಳನ್ನು ಸಲ್ಲಿಸಬೇಕಾಯಿತು. ಮೈಸೂರಿನ ಕಾಮಗಾರಿಗಳಿಗೆ ಕೇಂದ್ರದ ಪಾಲು ಶೇಕಡ 80. ಬೆಂಗಳೂರಿಗೆ ಶೇಕಡ 35. ಉಳಿದ ಪಾಲನ್ನು ಹೊಂದಿಸುವುದು ಹೇಗೆ, ಕಟ್ಟಿದ್ದನ್ನು ನಿರ್ವಹಿಸುವ ಖರ್ಚು ಎಲ್ಲಿಂದ ಎಂಬುದು ಅಲ್ಲಿಯೂ ಮುಖ್ಯ ಪ್ರಶ್ನೆ. ಒಂದು ಶತಮಾನದ ಹಿಂದೆ ಸಂಸ್ಥಾನದ ಹಣಕಾಸು ಇಲಾಖೆ ಎತ್ತಿದ್ದೂ ಇದೇ ಬಗೆಯ ಪ್ರಶ್ನೆಯನ್ನೇ.

ಕನ್ನಂಬಾಡಿಯ ಕಾಗದಪತ್ರಗಳ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹಣ ಕೊಡುವವನ ಕಠಿಣ ಪ್ರಶ್ನೆಯನ್ನು ಎದುರಿಸಿ, ವರಮಾನದ ಮೂಲವನ್ನು ಕೈಯಲ್ಲಿ ಹಿಡಿದು, ಹಂತ ಹಂತವಾಗಿ ಕೇಳಿದ ಯೋಜನೆ ಮಂಜೂರಾಯಿತು, ಇದು ಮೊದಲನೆಯದು. ಲೆಕ್ಕದಲ್ಲಿ ಸೇರದವರು ಆ ಕಾರಣಕ್ಕೆ ಇಲ್ಲವಾಗುವುದಿಲ್ಲ ಎಂಬುದು ಎರಡನೆಯದು. ಬಂಡವಾಳದ ಬಡ್ಡಿ ತೀರಿದ ಮೇಲೂ ಅವರಿಗೆ ಸಲ್ಲಬೇಕಾದುದು ಬಾಕಿಯಾಗಿಯೇ ಉಳಿಯುತ್ತದೆ.