ಮಂಡಿ ಆಪರೇಷನ್ ಆದಮೇಲೆ ರಿಹ್ಯಾಬ್ ವಾರ್ಡೋ, ಮನೆಯೋ?

ಹೋದ ಭಾಗ ಓದಿ ಊರಿಂದ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ದೀರಿ. ಮಂಡಿ, ಸೊಂಟದ ಆಪರೇಷನ್ ಆದ ಹಿರಿಯರನ್ನು ಆಸ್ಪತ್ರೆಯಲ್ಲೇ ಇಟ್ಟು ಫಿಸಿಯೋ ಮಾಡಿಸಬೇಕಾ, ಮನೆಗೆ ಕರೆತರಬಹುದಾ? ಬೇಗ ಕರೆತಂದರೆ "ದುಡ್ಡು ಉಳಿಸೋಕೆ ಹೀಗೆ ಮಾಡಿದರು" ಅಂತ ನೆಂಟರು ಆಡಿಕೊಳ್ಳುವ ಭಯ ಬೇರೆ. ಈ ಪ್ರಶ್ನೆ ನೂರು ವರ್ಷಕ್ಕಿಂತ ಹಳೆಯದು. ಅದನ್ನು ಮೊದಲು ಗಟ್ಟಿಯಾಗಿ ಹಿಡಿದವರಲ್ಲಿ ಒಬ್ಬರು ನಮ್ಮ ಕಸುಬಿನವರೇ, ನರ್ಸ್ ಆಗ್ನೆಸ್ ಹಂಟ್.

ಚಿಕ್ಕಂದಿನಲ್ಲೇ ಸೊಂಟದ ಕೀಲು ಕೆಟ್ಟು ಜೀವನಪೂರ್ತಿ ನೋವುಂಡವರು ಅವರು. 1900ರಲ್ಲಿ ಇಂಗ್ಲೆಂಡಿನ ಬಾಸ್‌ಚರ್ಚ್ ಹಳ್ಳಿಯಲ್ಲಿ ಆರೈಕೆಯ ಮನೆ ತೆರೆದರು. ಮೂಳೆ, ಕೀಲಿನ ಕಾಯಿಲೆಯ ಮಕ್ಕಳೇ ಅಲ್ಲಿ ಹೆಚ್ಚು. ಲಿವರ್‌ಪೂಲಿನ ಸರ್ಜನ್ ರಾಬರ್ಟ್ ಜೋನ್ಸ್ ಅಲ್ಲಿಗೇ ಬಂದು ಆಪರೇಷನ್ ಮಾಡುತ್ತಿದ್ದರು. ಮೂಳೆ ಕ್ಷಯಕ್ಕೆ ಆಗ ಔಷಧಿಯೇ ಇಲ್ಲ. ಗಾಳಿ, ಬಿಸಿಲು, ತಿಂಗಳುಗಟ್ಟಲೆ ವಿಶ್ರಾಂತಿ, ಅಷ್ಟೇ. ಆದರೆ ಮನೆಗೆ ಹೋದಮೇಲೆ ಗಮನಿಸುವವರಿಲ್ಲದಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಅದಕ್ಕೇ ಹಂಟ್ ಸುತ್ತಲಿನ ಊರುಗಳಲ್ಲಿ ಆಪರೇಷನ್ ನಂತರದ ಆರೈಕೆಗೆಂದೇ ಕ್ಲಿನಿಕ್‌ಗಳನ್ನು ಶುರುಮಾಡಿದರು. ಮಕ್ಕಳು ಮನೆಯಲ್ಲಿದ್ದುಕೊಂಡೇ ಬಂದು ತೋರಿಸಿಕೊಂಡು ಹೋಗಬಹುದಿತ್ತು.

ನಮ್ಮ ಡಬ್ಲಿನ್ನಿನಲ್ಲೂ ಇದರ ಗುರುತುಗಳಿವೆ. ಬ್ಯೂಮಾಂಟ್ ಆಸ್ಪತ್ರೆ 1987ರದ್ದು, ಜೆರ್ವಿಸ್ ಸ್ಟ್ರೀಟ್ ಮತ್ತು ರಿಚ್ಮಂಡ್ ಎಂಬ ಹಳೇ ಆಸ್ಪತ್ರೆಗಳು ಸೇರಿ ಆದದ್ದು. ಫಿಂಗ್ಲಸ್‌ನ ಕ್ಯಾಪಾದಲ್ಲಿ ಕ್ರೈಸ್ತ ಸನ್ಯಾಸಿನಿಯರು 1908ರಲ್ಲಿ ತೆರೆದ ಮಕ್ಕಳ ಆರೈಕೆ ಮನೆ ಇಂದು ರಾಷ್ಟ್ರೀಯ ಮೂಳೆ ಆಸ್ಪತ್ರೆ. ಡನ್‌ಲೇರಿಯ ಕ್ಷಯದ ಆಸ್ಪತ್ರೆ 1961ರಲ್ಲಿ ರಿಹ್ಯಾಬ್ ಆಸ್ಪತ್ರೆಯಾಯಿತು. ಕ್ಷಯಕ್ಕೆ ಔಷಧಿ ಬಂದಮೇಲೆ ಇಂಥ ಕಟ್ಟಡಗಳಿಗೆ ಬೇರೆ ಕೆಲಸ ಸಿಕ್ಕಿತು.

1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲಿನ ಬದಲಿ ಸೊಂಟದ ಕೀಲನ್ನು ಗಟ್ಟಿ ನೆಲೆಗೆ ತಂದರು. ಆಗೆಲ್ಲ ಆಪರೇಷನ್ ಅಂದರೆ ವಾರಗಟ್ಟಲೆ ಮಂಚ. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಬೇರೆ ದಾರಿ ತೋರಿಸಿದರು: ನೋವು ಚೆನ್ನಾಗಿ ತಗ್ಗಿಸಿ, ಬೇಗ ಉಣಿಸಿ, ಬೇಗ ನಡೆಸಿ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ.

2017ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಮಂಡಿ ಬದಲಿಸಿಕೊಂಡ, ತೊಡಕಿಲ್ಲದ 165 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು 10 ದಿನ ರಿಹ್ಯಾಬ್ ವಾರ್ಡಿಗೆ, ಉಳಿದವರನ್ನು ನೇರ ಮನೆಗೆ ಕಳಿಸಿದರು. ಮನೆಯ ವ್ಯಾಯಾಮಕ್ಕೆ ಇಬ್ಬರಿಗೂ ಫಿಸಿಯೋ ಮಾರ್ಗದರ್ಶನ ಇತ್ತು. 26 ವಾರದ ನಂತರ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಅಂತ ಅಳೆದರೆ ವಾರ್ಡಿನಲ್ಲಿದ್ದವರದ್ದು ಹೆಚ್ಚೇನೂ ಇರಲಿಲ್ಲ.

ಹಾಗಂತ ಎಲ್ಲರಿಗೂ ಮನೆಯೇ ಸರಿ ಅಂತ ಅಲ್ಲ. ಬಿದ್ದು ಸೊಂಟ ಮುರಿದುಕೊಂಡವರು, ಮರೆವು ಇರುವವರು, ಒಂಟಿಯಾಗಿರುವವರು, ಎದ್ದು ಕೂರಲೂ ಇಬ್ಬರ ಆಸರೆ ಬೇಕಾದವರಿಗೆ ವಾರ್ಡೇ ಬೇಕಾಗಬಹುದು. ಮನೆಗೆ ಕರೆತರುವ ಮುಂಚೆ ನೋಡಿ: ಕಮೋಡ್ ಇದೆಯಾ? ಮಲಗುವ ಕೋಣೆ ಮಹಡಿಯಲ್ಲಿದೆಯಾ? ಹಗಲು ಜೊತೆಗೆ ಯಾರಿರುತ್ತಾರೆ? ಫಿಸಿಯೋ ಮನೆಗೆ ಬರುತ್ತಾರಾ, ಅಥವಾ ಹೋಗಿಬರಲು ಗಾಡಿ ಇದೆಯಾ? ಇವುಗಳಿಗೆ ಉತ್ತರ ಇದ್ದರೆ ನೆಂಟರ ಮಾತಿಗೆ ಹೆದರಬೇಡಿ. ಇಲ್ಲದಿದ್ದರೆ ಡಿಸ್ಚಾರ್ಜ್ ಚೀಟಿಗೆ ಸಹಿ ಹಾಕುವ ಮುಂಚೆಯೇ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ.