ಸಿವಂಗಿಯ ಹಾದಿ: ದಖ್ಖನಿನ ಮೃಗಯೆಯೂ ಆಫ್ರಿಕೆಯ ಸಫಾರಿಯೂ

ಪುಣೆಯಿಂದ ಪೂರ್ವ ಆಫ್ರಿಕೆಗೆ ತೆರಳಿ, ಕೆನ್ಯಾದ ಮಸಾಯಿ ಮಾರಾದಲ್ಲಿಯೋ ಟಾಂಜಾನಿಯಾದ ಸೆರೆಂಗೆಟಿಯಲ್ಲಿಯೋ ಐದಾರು ದಿನ ಬಿಡಾರ ಹೂಡಿ, ವನ್ಯಮೃಗಗಳನ್ನು ಕಣ್ಣಾರೆ ಕಂಡು ಬರುವ ವಾಡಿಕೆ ಈಚಿನ ದಶಕಗಳಲ್ಲಿ ಸ್ಥಿತಿವಂತರಲ್ಲಿ ಬೆಳೆದಿದೆ. ಈ ಪಯಣಕ್ಕೆ ಸಫಾರಿ ಎಂದು ಹೆಸರು. ಪದವು ಸ್ವಾಹಿಲಿ ಭಾಷೆಯದು. ಅದರ ಮೂಲ ಅರಬ್ಬಿಯ ‘ಸಫರ್’. ಪ್ರಯಾಣ ಎಂಬಷ್ಟೇ ಅದರ ಮೂಲಾರ್ಥ. ಬೇಟೆಯ ಅರ್ಥ ಅದಕ್ಕೆ ಅನಂತರ ಅಂಟಿಕೊಂಡಿತು. ಆ ಬಯಲುಗಳಲ್ಲಿ ಪ್ರವಾಸಿಗರು ನೋಡಲು ಹಾತೊರೆಯುವ ಮೃಗಗಳಲ್ಲಿ ಚೀತಾ ಮುಖ್ಯವಾದುದು. ಈ ಮೃಗಕ್ಕೆ ಇಂದು ಜಗತ್ತಿನಲ್ಲೆಲ್ಲ ಸಲ್ಲುವ ಹೆಸರು ಭರತಖಂಡದಿಂದ ಹೋದದ್ದೆಂಬುದು ಗಮನಾರ್ಹ. ಸಂಸ್ಕೃತದ ‘ಚಿತ್ರಕ’ವೇ ಹಿಂದಿಯ ಮೂಲಕ ಚೀತಾ ಆಯಿತು. ಕನ್ನಡದಲ್ಲಿಯೂ ಅದಕ್ಕೆ ಬೇರೆ ಹೆಸರಿದ್ದಿತು. ೧೮೬೭ರಲ್ಲಿ ಪ್ರಕಟವಾದ ಜೆರ್ಡನ್ನರ ಭಾರತೀಯ ಸಸ್ತನಿಗಳ ಗ್ರಂಥವು ‘ಸಿವಂಗಿ’ ಎಂಬ ಕನ್ನಡ ಶಬ್ದವನ್ನು ದಾಖಲಿಸುತ್ತದೆ. ಮೃಗವು ನಾಡಿನಿಂದ ಮರೆಯಾದ ಮೇಲೆ ಹೆಸರೂ ಬಳಕೆಯಿಂದ ಜಾರಿತು. ಇಂದಿನ ಕನ್ನಡಿಗನಿಗೆ ಚಿರತೆ ಗೊತ್ತು, ಸಿವಂಗಿ ಗೊತ್ತಿಲ್ಲ.

ದಖ್ಖನಿನ ಬಯಲಿನಲ್ಲಿ ವಾಸವಾಗಿದ್ದ ಮೃಗವೊಂದನ್ನು ನೋಡಲು ಕಡಲಾಚೆಗೆ ಹೋಗಬೇಕಾದ ಸ್ಥಿತಿ ಹೇಗೆ ಒದಗಿತೆಂಬ ಪ್ರಶ್ನೆಯು ಬರಿಯ ಪ್ರಾಣಿಶಾಸ್ತ್ರದ್ದಲ್ಲ. ಅದು ಈ ನಾಡಿನ ಭೂಮಿಯ ಮತ್ತು ಜನರ ಇತಿಹಾಸದ ಪ್ರಶ್ನೆ.

ಈ ಇತಿಹಾಸದ ಮೊದಲ ಪುಟವೇ ಕಲ್ಯಾಣದ ಅರಮನೆಯಲ್ಲಿ ದೊರೆಯುತ್ತದೆ. ವಿಕ್ರಮಾಂಕನೆನಿಸಿದ ಆರನೆಯ ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೩೦ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ಕನ್ನಡ ವಿದ್ವಾಂಸರಿಗೆ ಸುಪರಿಚಿತವಾದ ಗ್ರಂಥ. ೧೯೨೫ರಲ್ಲಿ ಬಡೋದೆಯ ಗ್ರಂಥಮಾಲೆಯಲ್ಲಿ ಅದರ ಮೊದಲ ಸಂಪುಟವೂ, ೧೯೨೬ರಲ್ಲಿ ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮೈಸೂರಿನ ಮುದ್ರಣವೂ ಹೊರಬಂದುವು. ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಅರಸನ ವಿನೋದಗಳ ನಿರೂಪಣೆಯುಂಟು. ಗಿಡುಗ, ನಾಯಿ, ಮೀನು ಇವುಗಳ ವಿನೋದಗಳ ಜತೆಗೆ ಮೃಗಯೆಯೂ ಅಲ್ಲಿ ಶಾಸ್ತ್ರದ ಗೌರವವನ್ನು ಪಡೆದಿದೆ. ಪಳಗಿಸಿದ ಚೀತಾವನ್ನು ಜಿಂಕೆಗಳ ಮೇಲೆ ಬಿಟ್ಟು ಆಡುವ ಬೇಟೆಗೆ ಭಾರತದಲ್ಲಿ ದೊರೆಯುವ ಅತಿ ಹಳೆಯ ಲಿಖಿತ ಸಾಕ್ಷ್ಯವು ಇದರಲ್ಲಿಯೇ ಇದೆಯೆಂದು ಈ ಮೃಗದ ಇತಿಹಾಸವನ್ನು ಬರೆದವರು ಗುರುತಿಸಿದ್ದಾರೆ. ಮುಂದೆ ಮೊಗಲರ ಕೀರ್ತಿಗೆ ಕಾರಣವಾದ ಈ ವಿನೋದವು ಅವರಿಗಿಂತ ನಾಲ್ಕು ಶತಮಾನಗಳ ಹಿಂದೆಯೇ ಕನ್ನಡ ಅರಸನೊಬ್ಬನ ಗ್ರಂಥದಲ್ಲಿ ನೆಲೆ ಪಡೆದಿದ್ದಿತೆಂಬುದು ಸ್ಮರಣೀಯ.

ಈ ಬೇಟೆಯ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದ ಬರೆಹಗಾರರು ಸವಿಸ್ತಾರವಾಗಿ ಬಣ್ಣಿಸಿದ್ದಾರೆ. ಮರಿಗಳನ್ನು ಸಾಕಿ ಬೆಳೆಸಿದರೆ ಅವು ಬೇಟೆಯಲ್ಲಿ ಚುರುಕಾಗಲಾರವೆಂದು ಬಲ್ಲವರ ನಂಬಿಕೆ. ತಾಯಿಯಿಂದಲೇ ವಿದ್ಯೆಯನ್ನು ಕಲಿತ ದೊಡ್ಡ ಮೃಗವನ್ನೇ ಹಿಡಿಯಬೇಕು. ಚೀತಾಗಳು ಪದೇ ಪದೇ ಬಂದು ಉಗುರು ಮಸೆಯುವ ಮರವೊಂದನ್ನು ಗುರುತಿಸಿ, ಅದರ ಸುತ್ತ ನರದ ಕುಣಿಕೆಗಳನ್ನು ಒಡ್ಡಿ ಅವುಗಳನ್ನು ಹಿಡಿಯುತ್ತಿದ್ದರು. ಬಳಿಕ ಕಣ್ಣಿಗೆ ಟೊಪ್ಪಿಗೆ ಹಾಕಿ, ಹಗ್ಗ ಬಿಗಿದು, ಹೆಂಗಸರು ಮಕ್ಕಳು ಓಡಾಡುವ ಕೇರಿಯ ಮಧ್ಯದಲ್ಲಿಯೇ ಅದನ್ನು ಇರಿಸಿ, ಮನುಷ್ಯರ ಸದ್ದಿಗೆ ಒಗ್ಗಿಸುತ್ತಿದ್ದರು. ಕೆಲವು ತಿಂಗಳಲ್ಲಿ ಅದು ಸಾಕಿದವನ ಪಕ್ಕದಲ್ಲಿ ಹೊರಸಿನ ಮೇಲೆ ಮಲಗುವಷ್ಟು ಪಳಗುತ್ತಿದ್ದಿತು. ಬೇಟೆಯ ದಿನ ಅದನ್ನು ಎತ್ತಿನ ಚಕ್ಕಡಿಯಲ್ಲಿ ಕುಳ್ಳಿರಿಸಿ ಕೃಷ್ಣಮೃಗಗಳ ಹಿಂಡಿನತ್ತ ಒಯ್ಯುತ್ತಿದ್ದರು. ಕಾಲ್ನಡಿಗೆಯ ಮನುಷ್ಯನನ್ನು ಕಂಡರೆ ದೂರದಿಂದಲೇ ಓಡುವ ಚಿಗರಿಯು ಹೊಲದಲ್ಲಿ ದಿನವೂ ಕಾಣುವ ಚಕ್ಕಡಿಗೆ ಬೆದರುತ್ತಿರಲಿಲ್ಲ. ಸಮೀಪಕ್ಕೆ ಬಂದಾಗ ಟೊಪ್ಪಿಗೆ ಕಳಚಿದರೆ, ಕೆಲವು ನೂರು ಗಜಗಳ ಓಟದಲ್ಲಿಯೇ ಸೋಲು ಗೆಲವು ತೀರ್ಮಾನವಾಗುತ್ತಿದ್ದಿತು.

ಆದರೆ ಈ ವಿದ್ಯೆಯಲ್ಲಿ ಒಂದು ಕೊರತೆಯಿದ್ದಿತು. ಕೊನೆಗೆ ಅದೇ ಮೃಗಕ್ಕೆ ಮುಳುವಾಯಿತು. ಆ ಕಾಲದಲ್ಲಿ ಸೆರೆಯಲ್ಲಿ ಚೀತಾ ಮರಿ ಹಾಕುವುದು ತೀರ ಅಪರೂಪವಾಗಿದ್ದಿತು. ಅಕ್ಬರನು ಸಾವಿರ ಚೀತಾಗಳನ್ನು ಇರಿಸಿಕೊಂಡು, ಅವು ಕೂಡುವಂತೆ ಮಾಡಲು ಬಹಳವಾಗಿ ಯತ್ನಿಸಿಯೂ ಫಲ ಕಾಣಲಿಲ್ಲವೆಂದು ಜಹಾಂಗೀರನು ತನ್ನ ಆತ್ಮವೃತ್ತದಲ್ಲಿ ಹೇಳುತ್ತಾನೆ. ೧೬೧೩ರಲ್ಲಿ ತನ್ನ ಕಾಲದಲ್ಲಿ ಮೂರು ಮರಿಗಳು ಹುಟ್ಟಿದುದನ್ನು ಅವನು ಅದ್ಭುತವೆಂಬಂತೆ ಬರೆದಿಟ್ಟಿದ್ದಾನೆ. ಆನೆಯಂತೆ, ಕುದುರೆಯಂತೆ ಇದು ಅರಮನೆಯ ಲಾಯದಲ್ಲಿ ಬೆಳೆಯುವ ಸಂಪತ್ತಾಗಿರಲಿಲ್ಲ. ಸತ್ತ ಒಂದೊಂದು ಚೀತಾದ ಸ್ಥಾನಕ್ಕೂ ಬಯಲಿನಿಂದ ಮತ್ತೊಂದನ್ನು ಹಿಡಿದು ತರಲೇಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನೂ ಬೇಟೆಯ ಚೀತಾಗಳನ್ನು ಸಾಕಿದ್ದನು. ೧೭೯೯ರಲ್ಲಿ ಅವು ಇಂಗ್ಲಿಷರ ವಶವಾದುವು. ಅದೇ ಕಾಲಕ್ಕೆ ಪುಣೆಯಲ್ಲಿ ಸವಾಯಿ ಮಾಧವರಾವ್ ಪೇಶ್ವೆಯ ಶಿಕಾರಖಾನೆಯು ಪರ್ವತಿಯ ತಪ್ಪಲಿನಲ್ಲಿ ಹೆಸರುವಾಸಿಯಾಗಿದ್ದಿತು. ಹೀಗೆ ಶತಮಾನಗಳವರೆಗೆ ಆಸ್ಥಾನಗಳು ಬಯಲಿನಿಂದ ತೆಗೆದುಕೊಂಡುವು. ಬಯಲಿಗೆ ಏನನ್ನೂ ಹಿಂದಿರುಗಿಸಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹಿಡಿಯಲು ಮೃಗವೇ ಸಿಗದಾಯಿತು. ಆಗ ಅರಸರು ಆಫ್ರಿಕೆಯತ್ತ ನೋಡಿದರು. ಚೀತಾ ಬೇಟೆಗೆ ಪ್ರಸಿದ್ಧವಾಗಿದ್ದ ಕೊಲ್ಲಾಪುರ ಮತ್ತು ಭಾವನಗರದ ಸಂಸ್ಥಾನಗಳು ಅಲ್ಲಿಂದ ಮೃಗಗಳನ್ನು ತರಿಸಿದುವು. ೧೯೧೮ರಿಂದ ೧೯೪೫ರ ವರೆಗೆ ಭಾರತದ ಅರಸುಮನೆತನಗಳು ಹೀಗೆ ತರಿಸಿಕೊಂಡವು ಸುಮಾರು ೨೦೦ ಎಂದು ಲೆಕ್ಕವಿದೆ. ಕನ್ನಡ ಶಾಸನಗಳ ನೆಲೆಯಾದ ಕೊಲ್ಲಾಪುರದ ಬಯಲಿನಲ್ಲಿ, ಸೋಮೇಶ್ವರನ ಕಾಲದ ವಿನೋದವು ತನ್ನ ಕೊನೆಯ ದಿನಗಳನ್ನು ಆಫ್ರಿಕೆಯ ಮೃಗಗಳಿಂದ ಕಳೆಯಿತು. ಪ್ರವಾಸಿಗರು ಆಫ್ರಿಕೆಗೆ ಹೋಗುವ ಮೊದಲೇ ಆಫ್ರಿಕೆಯ ಮೃಗವು ದಖ್ಖನಿಗೆ ಬಂದಿದ್ದಿತು.

ಅದೇ ಅವಧಿಯಲ್ಲಿ ಪೂರ್ವ ಆಫ್ರಿಕೆಯಲ್ಲಿ ಸಫಾರಿಯೂ ರೂಪುಗೊಳ್ಳುತ್ತಿದ್ದಿತು. ೧೮೯೬ರಿಂದ ೧೯೦೧ರ ವರೆಗೆ ಮೊಂಬಾಸಾದಿಂದ ಒಳನಾಡಿಗೆ ಹಾಕಲಾದ ರೈಲುದಾರಿಯು—ಅದನ್ನು ಕಟ್ಟಿದವರು ಮೂವತ್ತು ಸಾವಿರಕ್ಕೂ ಮಿಕ್ಕ ಭಾರತೀಯ ಕೂಲಿಗಳು—ಬೇಟೆಗಾರರಿಗೆ ಬಾಗಿಲು ತೆರೆಯಿತು. ೧೯೦೯ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಇನ್ನೂರಕ್ಕೂ ಮಿಕ್ಕ ಹೊರೆಯಾಳುಗಳೊಡನೆ ಸುಮಾರು ಒಂದು ವರ್ಷ ಅಲ್ಲಿ ಸಂಚರಿಸಿದುದು ಸಫಾರಿ ಎಂಬ ಪದವನ್ನು ಲೋಕಪ್ರಸಿದ್ಧಗೊಳಿಸಿತು. ಬರಬರುತ್ತ ಕೋವಿಯ ಸ್ಥಾನವನ್ನು ಛಾಯಾಯಂತ್ರವು ಆಕ್ರಮಿಸಿತು; ಕೆನ್ಯಾದಲ್ಲಿ ೧೯೭೭ರಲ್ಲಿ ಬೇಟೆಯೇ ನಿಷಿದ್ಧವಾಯಿತು. ಆದರೆ ಬೇಟೆಯ ವ್ಯವಸ್ಥೆಯೆಲ್ಲವೂ ಉಳಿಯಿತು: ಡೇರೆ, ಅಡುಗೆಯವರು, ಹೆಜ್ಜೆ ಬಲ್ಲ ಸ್ಥಳೀಕರು, ನಸುಕಿನ ಸಂಚಾರ. ಮೃಗಗಳು ಜೀಪಿಗೆ ಬೆದರದೆ ಕಾಲ್ನಡಿಗೆಯವನಿಗೆ ಬೆದರುವುದನ್ನು ಇಂದಿನ ಪ್ರವಾಸಿಗನು ಕಂಡು ಬೆರಗಾಗುತ್ತಾನೆ. ದಖ್ಖನಿನ ಚಕ್ಕಡಿಯ ಮರ್ಮವೂ ಅದೇ ಆಗಿದ್ದಿತು.

ಇನ್ನು ವಿಚಾರಿಸಬೇಕಾದುದು ಒಂದೇ. ಆಫ್ರಿಕೆಯಲ್ಲಿಯೂ ಅಪಾರವಾದ ಬೇಟೆ ನಡೆಯಿತು. ಆದರೂ ಅಲ್ಲಿ ಚೀತಾ ಉಳಿಯಿತು, ಇಲ್ಲಿ ಅಳಿಯಿತು. ಬೇಟೆಯೊಂದೇ ಇದಕ್ಕೆ ಉತ್ತರವಾಗಲಾರದು. ಉತ್ತರದ ಒಂದು ಭಾಗವು ಪುಣೆ ಜಿಲ್ಲೆಯ ಕಂದಾಯದ ಕಡತಗಳಲ್ಲಿದೆ.

ಪುಣೆಯಿಂದ ಆಗ್ನೇಯಕ್ಕೆ ಜೇಜೂರಿಯನ್ನು ದಾಟಿದರೆ ಮಳೆ ಕಡಮೆಯಾದ ಒಣ ಹುಲ್ಲುಬಯಲು ತೊಡಗಿ ಸೊಲ್ಲಾಪುರದತ್ತ ಹರಡಿಕೊಳ್ಳುತ್ತದೆ. ಜೇಜೂರಿಯ ಖಂಡೋಬನೇ ಕನ್ನಡಿಗರ ಮೈಲಾರ. ಕುದುರೆ ನಾಯಿಗಳು ಈ ದೇವರ ಪರಿವಾರ. ಬಾಣಾಯಿ ಎಂಬ ಕುರುಬರ ಹೆಣ್ಣು ಅವನ ಪತ್ನಿ. ಧನಗರರೂ ಕುರುಬರೂ ಕುರಿಮಂದೆಗಳೊಡನೆ ಶತಮಾನಗಳಿಂದ ಅಲೆದ ನೆಲವಿದು. ಕುರಿ, ಚಿಗರಿ, ತೋಳ ಮೂರಕ್ಕೂ ಇಲ್ಲಿ ಎಡೆಯಿದ್ದಿತು. ಮುಂಬಯಿ ಪ್ರಾಂತದ ಹೊಸ ಭೂಮಾಪನ ಪದ್ಧತಿಯನ್ನು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ೧೮೩೬ರ ಸುಮಾರಿಗೆ ಆರಂಭಿಸಿದುದು ಈ ಬಯಲಿನ ಇಂದಾಪುರ ತಾಲೂಕಿನಲ್ಲಿಯೇ. ರೈತನ ಹೊರೆಯನ್ನು ಇಳಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿದ್ದಿತೆಂಬುದು ನಿಜ. ಆದರೆ ಆ ಪದ್ಧತಿಯ ದೃಷ್ಟಿಯಲ್ಲಿ ಭೂಮಿಯ ಬೆಲೆಯೆಂದರೆ ನೇಗಿಲಿನ ಬೆಲೆ. ಉಳದ ನೆಲವು ‘ಖರಾಬು’ ಎನಿಸಿತು. ಅಡವಿಯೂ ಅಲ್ಲದ, ಹೊಲವೂ ಅಲ್ಲದ ಹುಲ್ಲುಬಯಲಿಗೆ ಕಡತದಲ್ಲಿ ಹೆಸರೇ ಇಲ್ಲವಾಯಿತು. ಹೆಸರಿಲ್ಲದ ನೆಲವನ್ನು ಉಳುವುದಕ್ಕೆ, ಮರ ನೆಡುವುದಕ್ಕೆ, ಕಾಲುವೆ ಹರಿಸುವುದಕ್ಕೆ, ಕಾರ್ಖಾನೆ ಕಟ್ಟುವುದಕ್ಕೆ ಮುಂದಿನ ತಲೆಮಾರುಗಳು ಹಿಂಜರಿಯಲಿಲ್ಲ.

ನೆಲಕ್ಕೆ ಆದುದೇ ಆ ನೆಲವನ್ನು ಬಲ್ಲ ಜನಕ್ಕೂ ಆಯಿತು. ಕುಣಿಕೆಯೊಡ್ಡಿ ಚೀತಾವನ್ನು ಹಿಡಿದು ಅರಮನೆಗಳಿಗೆ ಒಪ್ಪಿಸುತ್ತಿದ್ದವರಲ್ಲಿ ಪಾರ್ಧಿಗಳು ಮುಖ್ಯರು. ಉತ್ತರ ಕರ್ನಾಟಕದಲ್ಲಿ ಇವರಿಗೆ ಹರಣಶಿಕಾರಿಗಳೆಂದು ಹೆಸರು. ಹುಲ್ಲಿನ ಬಾಗನ್ನು ನೋಡಿ ಮೃಗದ ನಡೆಯನ್ನು ಹೇಳಬಲ್ಲ ಈ ಜನವನ್ನು, ೧೮೭೧ರಲ್ಲಿ ಆರಂಭವಾಗಿ ತರುವಾಯ ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿದ ಶಾಸನವೊಂದು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸಿತು. ಆ ಶಾಸನ ದೇಶದಲ್ಲೆಲ್ಲ ರದ್ದಾದುದು ೧೯೫೨ರಲ್ಲಿ. ಭಾರತದಲ್ಲಿ ಚೀತಾ ನಿರ್ವಂಶವಾಯಿತೆಂದು ಘೋಷಿತವಾದ ವರ್ಷವೂ ಅದೇ. ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ೧೯೪೭ರ ಸುಮಾರಿಗೆ ಒಂದೇ ರಾತ್ರಿ ಗುಂಡಿಗೆ ಬಲಿಯಾದ ಮೂರು ಈ ದೇಶದ ಕೊನೆಯ ಚೀತಾಗಳೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ.

ಉಳಿದ ಬಯಲನ್ನು ಕಾಯುವ ಯತ್ನಗಳು ತಡವಾಗಿ ತೊಡಗಿದುವು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮವು ೧೯೭೪ರಲ್ಲಿಯೂ, ಎರೆಭೂತ ಪಕ್ಷಿಗಾಗಿ ಸೊಲ್ಲಾಪುರದ ಬಳಿಯ ನಾನ್ನಜ ಧಾಮವು ೧೯೭೯ರಲ್ಲಿಯೂ, ಅಹಮದನಗರ ಜಿಲ್ಲೆಯ ರೇಹೆಕುರಿ ೧೯೮೦ರಲ್ಲಿಯೂ, ಪುಣೆ ಜಿಲ್ಲೆಯ ಸುಪೆಯ ಮಯೂರೇಶ್ವರ ೧೯೯೭ರಲ್ಲಿಯೂ ಸ್ಥಾಪಿತವಾದುವು. ಇವುಗಳಲ್ಲಿ ರೇಹೆಕುರಿಯ ವಿಸ್ತಾರ ೨.೧೭ ಚದರ ಕಿಲೋಮೀಟರು. ಮಯೂರೇಶ್ವರದ್ದು ೫ಕ್ಕೆ ತುಸು ಹೆಚ್ಚು. ಸೆರೆಂಗೆಟಿಯ ರಾಷ್ಟ್ರೀಯ ಉದ್ಯಾನವು ೧೪,೭೬೩ ಚದರ ಕಿಲೋಮೀಟರು. ಬಹುದಿನಗಳ ಸಫಾರಿಯು ಅಲ್ಲಿ ಸಾಧ್ಯವಾಗಿ ಇಲ್ಲಿ ಅಸಾಧ್ಯವಾದುದಕ್ಕೆ ಈ ಅಂಕಿಗಳಿಗಿಂತ ಬೇರೆ ವಿವರಣೆ ಬೇಕಿಲ್ಲ. ಆದರೂ ಅಲ್ಲಿಯ ಕಥೆಯನ್ನು ಆದರ್ಶವಾಗಿ ಕಾಣುವಂತಿಲ್ಲ; ಸೆರೆಂಗೆಟಿಯ ಒಳಗೆ ದನ ಮೇಯಿಸಿಕೊಂಡಿದ್ದ ಮಸಾಯಿ ಜನವನ್ನು ೧೯೫೯ರಲ್ಲಿ ಹೊರಗೆ ಕಳುಹಿಸಿಯೇ ಆ ಬಯಲನ್ನು ಮೃಗಗಳಿಗೆ ಮೀಸಲಿಟ್ಟರು.

೨೦೨೨ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು, ೨೦೨೩ರ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಬಂದುವು. ಸಂಸ್ಥಾನಗಳ ಕಾಲದಲ್ಲಿ ಬೇಟೆಗಾಗಿ ನಡೆದ ಆಮದು ಈಗ ಪುನಃಸ್ಥಾಪನೆಗಾಗಿ ನಡೆಯಿತು. ಇದು ಪತ್ರಿಕೆಗಳ ಮೊದಲ ಪುಟದ ಸುದ್ದಿಯಾಯಿತು. ೨೦೨೪ರಲ್ಲಿ ಪುಣೆ ಜಿಲ್ಲೆಯಲ್ಲಿ ನಡೆದ ಇನ್ನೊಂದು ಆರಂಭಕ್ಕೆ ಅಷ್ಟು ಪ್ರಚಾರ ದೊರೆಯಲಿಲ್ಲ. ಇಂದಾಪುರ ತಾಲೂಕಿನ ಕಡಬನವಾಡಿಯಲ್ಲಿಯೂ ಬಾರಾಮತಿ ತಾಲೂಕಿನ ಶಿರ್ಸುಫಳದಲ್ಲಿಯೂ ಅರಣ್ಯ ಇಲಾಖೆಯು ಹುಲ್ಲುಬಯಲಿನ ಸಫಾರಿಯನ್ನು ಆರಂಭಿಸಿತು. ತೋಳ, ಕತ್ತೆಕಿರುಬ, ಗುಳ್ಳೆನರಿ, ಚಿಂಕಾರಗಳು ಅಲ್ಲಿಯ ಮೃಗಗಳು. ದಾರಿ ತೋರುವವರು ಊರಿನ ತರುಣರು. ಯಾವ ತಾಲೂಕಿನಲ್ಲಿ ಉಳದ ನೆಲವನ್ನು ಖರಾಬು ಎಂದು ಬರೆಯುವ ಪದ್ಧತಿ ಬೇರೂರಿತೋ, ಅದೇ ತಾಲೂಕಿನಲ್ಲಿ ಆ ನೆಲಕ್ಕೆ ನೋಡತಕ್ಕ ನೆಲವೆಂಬ ಮಾನ್ಯತೆ ದೊರೆಯಿತು. ನಡುವೆ ಸಂದುದು ಸುಮಾರು ೧೯೦ ವರ್ಷ.

ಸಿವಂಗಿಯು ಕಡಬನವಾಡಿಗೆ ಮರಳಿ ಬರುವುದೆಂದು ಯಾರೂ ಹೇಳಲಾರರು. ಅದಕ್ಕೆ ಬೇಕಾದಷ್ಟು ಬಯಲು ಉಳಿದಿಲ್ಲ. ಆದರೆ ಅದರ ನೆರೆಹೊರೆಯಾಗಿದ್ದ ತೋಳವೂ ಚಿಂಕಾರವೂ ಇನ್ನೂ ಇವೆ; ಅವುಗಳ ನಡುವೆ ಮಂದೆ ಕಾಯುವ ಧನಗರರೂ ಇದ್ದಾರೆ. ಆಫ್ರಿಕೆಗೆ ಹೋಗಿ ಬರುವ ಪುಣೆಯ ಪ್ರವಾಸಿಯು ಅಲ್ಲಿ ಕಲಿತ ಕುತೂಹಲದಿಂದ ಒಂದು ಮುಂಜಾನೆ ಈ ಬಯಲನ್ನೂ ನೋಡಿದರೆ, ಕಂದಾಯದ ಕಡತವು ಕಾಣದೆ ಬಿಟ್ಟುದನ್ನು ಕಾಣುವನು. ಸುಮಾರು ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದ ಅರಸನೊಬ್ಬನು ಶಾಸ್ತ್ರವಾಗಿ ಬರೆದಿಡಲು ಯೋಗ್ಯವೆಂದೆಣಿಸಿದ ಮೃಗಲೋಕದಲ್ಲಿ ಉಳಿದಿರುವುದು ಇಷ್ಟೇ.