ಕೆರೆಯ ಆರು ದೋಷಗಳು

ವಿಜಯನಗರ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಂಪೆ. ಆದರೆ ಆ ಅರಸುಮನೆತನದ ಒಂದು ದೊಡ್ಡ ಕೆಲಸವನ್ನು ನೋಡಬೇಕಾದರೆ ನಾವು ಆಂಧ್ರದ ಕಡಪ ಸೀಮೆಗೆ, ಪೋರುಮಾಮಿಳ್ಳ ಎಂಬ ಊರಿಗೆ ಹೋಗಬೇಕು. ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಉದಯಗಿರಿಯಿಂದ ಆಳುತ್ತಿದ್ದಾಗ ಅಲ್ಲಿ ಒಂದು ಕೆರೆ ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವೊಂದನ್ನು ಹಾಕಿಸಿದನು. ದಿನಕ್ಕೆ ಸಾವಿರ ಆಳುಗಳು, ಕಲ್ಲು ಹೇರಲು ನೂರು ಬಂಡಿಗಳು. ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತೆಂದು ಅದರಲ್ಲಿದೆ.

ಕಟ್ಟಿಸಿದವನ ಹೊಗಳಿಕೆ ಎಲ್ಲ ಶಾಸನಗಳಲ್ಲೂ ಇರುವುದೇ. ಇದರ ವಿಶೇಷ ಬೇರೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದನ್ನು ಕೆಡಿಸುವ ಆರು ದೋಷಗಳನ್ನೂ ಇದು ಪಟ್ಟಿ ಮಾಡಿದೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು ಇವೆಲ್ಲ ಅಂಗಗಳು. ದೋಷಗಳು ಇವು: ಏರಿಯಲ್ಲಿ ನೀರು ಜಿನುಗುವುದು, ಸವುಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು, ನಡುವೆ ನೆಲ ಆಮೆಯ ಬೆನ್ನಿನಂತೆ ಉಬ್ಬಿರುವುದು, ನೀರು ಕಡಿಮೆಯಾಗಿ ಗದ್ದೆ ಹೆಚ್ಚಿರುವುದು, ನೀರು ಹೆಚ್ಚಾಗಿ ಗದ್ದೆ ಕಡಿಮೆಯಿರುವುದು.

ಇವನ್ನು ಕಂಡುಹಿಡಿಯಲು ಯಂತ್ರ ಬೇಡ. ಏರಿಯ ಮೇಲೆ ನಡೆಯುವ ಕಾಲು, ನೋಡುವ ಕಣ್ಣು ಇದ್ದರೆ ಸಾಕು. ನಮ್ಮ ಹಳ್ಳಿಗಳಲ್ಲಿ ಆ ಕಣ್ಣು ನೀರುಗಂಟಿಯದಾಗಿತ್ತು. ತೂಬು ತೆಗೆಯುವವನು, ಕೋಡಿ ಕಾಯುವವನು, ಕಡೆಯ ಗದ್ದೆಗೂ ನೀರು ಮುಟ್ಟಿತೇ ಎಂದು ನೋಡುವವನು ಅವನೇ. ಸುಗ್ಗಿಯಲ್ಲಿ ರೈತರು ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ಮುಂದೆ ಕೆರೆಗಳು ಸರ್ಕಾರದ ಇಲಾಖೆಗಳ ಪಾಲಾದವು, ಕೊಳವೆಬಾವಿಗಳು ಬಂದವು. ಅನೇಕ ಊರುಗಳಲ್ಲಿ ನೀರುಗಂಟಿಯ ಕೆಲಸವೂ ನಿಂತಿತು, ಕೆರೆಯಲ್ಲಿ ಹೂಳು ತುಂಬಿತು.

ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ನೆಲದಡಿಯ ನೀರು ಕಾಣುವುದಿಲ್ಲ. ಅದನ್ನೂ ರೈತರೇ ಅಳೆಯಬಲ್ಲರೆಂದು ತೋರಿಸಿದ ಪ್ರಯತ್ನವೊಂದು ಇದೇ ಆಂಧ್ರದಲ್ಲಿ 2003ರಲ್ಲಿ ಆರಂಭವಾಯಿತು. ಕಡಪವೂ ಸೇರಿ ಬರಪೀಡಿತವಾದ ಏಳು ಜಿಲ್ಲೆಗಳಲ್ಲಿ ಗಂಡಸರೂ ಹೆಂಗಸರೂ ಬಾವಿಗೆ ಟೇಪು ಇಳಿಸಿ ನೀರಿನ ಮಟ್ಟ ಅಳೆದರು, ಮಳೆಮಾಪಕ ನೋಡಿ ಬರೆದಿಟ್ಟರು, ಡ್ರಮ್ಮು ಮತ್ತು ಗಡಿಯಾರ ಇಟ್ಟುಕೊಂಡು ಪಂಪು ಎತ್ತುವ ನೀರನ್ನು ಲೆಕ್ಕ ಹಾಕಿದರು. ಹಿಂಗಾರಿಗೆ ಮೊದಲು ಊರವರು ಕೂಡಿ, ಇರುವ ನೀರಿಗೂ ಹಾಕಬೇಕೆಂದಿರುವ ಬೆಳೆಗೂ ತಾಳೆ ನೋಡಿದರು. ಇಂಥದೇ ಬೆಳೆ ಹಾಕಬೇಕೆಂಬ ಕಟ್ಟಳೆ ಇರಲಿಲ್ಲ. ಲೆಕ್ಕ ಎಲ್ಲರ ಎದುರಿಗಿತ್ತು, ತೀರ್ಮಾನ ಅವರವರದು. ಶಾಸನದ ಐದನೆಯ ದೋಷವನ್ನೇ ಅವರು ಅಂಕಿಗಳಲ್ಲಿ ಹಿಡಿದರೆನ್ನಬಹುದು.

ಊರು ಬಿಟ್ಟು ಬಂದ ನಮಗೆ ಮೂರನೆಯ ದೋಷ ಹೆಚ್ಚು ನಾಟುತ್ತದೆ. ಗಡಿಯಲ್ಲಿರುವ ಕೆರೆಯನ್ನು ಇಬ್ಬರೂ ತಮ್ಮದೆನ್ನುತ್ತಾರೆ, ಕಾಯುವವರು ಮಾತ್ರ ಯಾರೂ ಇರುವುದಿಲ್ಲ. ನಮ್ಮ ಊರಿನ ಕೆರೆಯೂ ನಾವು ನೆಲೆಸಿರುವ ನಗರದ ಕೆರೆಯೂ ಹಾಗಾಗಬಾರದು. ಜಾತ್ರೆಗೆಂದು ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಒಮ್ಮೆ ಏರಿಯ ಮೇಲೆ ನಡೆದು ಬರೋಣ. ತೂಬು ಎಲ್ಲಿದೆ, ಹೂಳು ಎಷ್ಟಿದೆ, ಈಗ ಅದನ್ನು ನೋಡಿಕೊಳ್ಳುವವರು ಯಾರು ಎಂದು ವಿಚಾರಿಸೋಣ.